ಎರಡನೇ ಕುದಿ

ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಕುದಿಸಿದ ದನದ ಮೂಳೆಯ ಸಾರನ್ನು ಪ್ಲಂಬರ್ ಜರಡಿಗೆ ಸುರಿದ. ಜರಡಿ ಸಿಂಕಿನಲ್ಲಿತ್ತು. ಅದರ ಕೆಳಗೆ ಪಾತ್ರೆ ಇರಲಿಲ್ಲ. ಹೊಂಬಣ್ಣದ ಸಾರು ಗುಳುಗುಳು ಸದ್ದು ಮಾಡುತ್ತ ಕೊಳವೆಗೆ ಇಳಿದುಹೋಯಿತು. ಮೂಳೆಗಳು ಮಾತ್ರ ಹಬೆಯಾಡುತ್ತ ಜರಡಿಯಲ್ಲಿ ಉಳಿದವು. ಐವತ್ತು ವರ್ಷದ ಬಾಳಿನಲ್ಲಿ ಅವನು ಬೇಯಿಸಿ ಗೊತ್ತಿದ್ದದ್ದು ಆಲೂಗಡ್ಡೆ, ಮೊಟ್ಟೆ ಎರಡನ್ನೇ. ಎರಡಕ್ಕೂ ಬೆಂದ ಮೇಲೆ ನೀರು ಚೆಲ್ಲುವುದೇ ಕ್ರಮ. ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತ್ತು.

ಕಸುಬಿನ ಅಭ್ಯಾಸ, ತಕ್ಷಣ ಸಿಂಕಿನ ಕೆಳಗೆ ಕೂತು ಕೊಳವೆಯ ಬಾಗನ್ನು ಬಿಚ್ಚಿ ನೋಡಿದ. ಸಿಕ್ಕಿದ್ದು ಒಂದು ಲೋಟ ಸಾರು, ಜೊತೆಗೆ ನಿನ್ನೆಯ ಚಹಾದ ಚರಟ. ಊರ ಮೋರಿಗಳನ್ನೆಲ್ಲ ರಿಪೇರಿ ಮಾಡಿದವನು ಇವತ್ತು ತನ್ನ ಮನೆಯ ಮೋರಿಗೆ ಔತಣ ಬಡಿಸಿದ್ದ.

ಆದರೆ ನಗುವ ಹೊತ್ತಲ್ಲ. ಮೂರು ಗಂಟೆಗೆ ಅಕ್ಕನನ್ನು ಆಸ್ಪತ್ರೆಯಿಂದ ಕರೆತರಬೇಕು. ಗಂಟಲಿನ ಆಪರೇಷನ್ ಆಗಿ ಹನ್ನೆರಡು ದಿನ ಅವಳಿಗೆ ಮೂಗಿನ ಪೈಪಿನಲ್ಲೇ ಊಟ. ಪೈಪು ಕೂರಿಸುವುದೇ ಅವನ ಕೆಲಸ, ಆ ಒಂದು ಪೈಪನ್ನು ಮಾತ್ರ ಅವನಿಂದ ನೋಡಲಾಗುತ್ತಿರಲಿಲ್ಲ. ಅದನ್ನು ತೆಗೆದ ಮೇಲೆ ಆಸ್ಪತ್ರೆಯವರು ಕೊಟ್ಟ ಸೂಪನ್ನು ಅಕ್ಕ ಒಂದು ಚಮಚವೂ ಒಳಗೆ ಬಿಡದೆ, 'ಪಾತ್ರೆ ತೊಳೆದ ನೀರು' ಎಂದು ಚೀಟಿ ಬರೆದು ನರ್ಸಿನ ಕೈಗೆ ಕೊಟ್ಟಿದ್ದಳು. "ಮನೇಲಾದ್ರೂ ಬಾಯಲ್ಲಿ ತಗೊಳ್ಬೇಕು. ಇಲ್ಲಾಂದ್ರೆ ನಾಡಿದ್ದು ಮತ್ತೆ ಪೈಪ್ ಹಾಕ್ಬೇಕಾಗುತ್ತೆ" ಎಂದರು ಡಾಕ್ಟರು. ಆಗ ತಮ್ಮನಿಗೊಂದು ಚೀಟಿ ಬಂತು: 'ದನದ ಮೂಳೆ ಸಾರು. ನಾಲ್ಕು ಗಂಟೆ ಕುದಿಸು.' ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಆರನೇ ವಯಸ್ಸಿನಿಂದ ಅವನನ್ನು ಸಾಕಿದವಳು, ಬಾಯಿ ಬಿಟ್ಟು ಏನನ್ನೂ ಕೇಳಿದವಳಲ್ಲ.

ಅವನು ಮಾಂಸದಂಗಡಿಗೆ ಓಡಿದ. ಅಂಗಡಿಯವನು ಆಗಲೇ ನೆಲ ತೊಳೆಯುತ್ತಿದ್ದ.

"ಇನ್ನೊಂದು ಕಿಲೋ ಮೂಳೆ ಕೊಡಣ್ಣ."

"ಎಲ್ಲಿಂದ ಕೊಡ್ಲಿ? ಇವತ್ತಿಂದೆಲ್ಲ ಹೋಟೆಲ್‌ನವರು ಒಯ್ದಾಯ್ತು. ನಿನ್ನೆ ಸಂಜೆ ತಾನೇ ತಗೊಂಡು ಹೋದ್ಯಲ್ಲ!"

ಪ್ಲಂಬರ್ ನಡೆದದ್ದನ್ನು ಹೇಳಿದ. ಅಂಗಡಿಯವನು ಗೋಡೆ ಹಿಡಿದುಕೊಂಡು ನಕ್ಕ. ಆಮೇಲೆ ಎದುರಿಗಿದ್ದವನ ಮುಖ ನೋಡಿ ನಗು ನುಂಗಿಕೊಂಡ.

"ಸೂಪ್ ಕ್ಯೂಬ್ ಸಿಗುತ್ತಲ್ಲ, ಅದನ್ನ ಹಾಕ್ಲಾ?" ಪ್ಲಂಬರ್ ಕೇಳಿದ.

"ಅದು ಬರೀ ಉಪ್ಪು, ಹಸಿ ಗಾಯಕ್ಕೆ ಉರಿಯುತ್ತೆ. ಆ ಮೂಳೆ ಎಸೆದುಬಿಟ್ಯಾ?"

"ಇಲ್ಲ, ಜರಡೀಲೇ ಇದೆ."

"ಹಾಗಾದ್ರೆ ಏನೂ ಕೆಟ್ಟಿಲ್ಲ ಬಿಡು. ಅದನ್ನೇ ಇನ್ನೊಂದ್ಸಲ ಕುದಿಸು, ಒಳಗಿನ್ನೂ ಸ್ವಲ್ಪ ಸತ್ವ ಇರುತ್ತೆ. ಎರಡು ಈರುಳ್ಳಿ ಸಿಪ್ಪೆ ಸಮೇತ ಹೆಚ್ಚಿ, ಬಾಣಲೇಲಿ ಕಪ್ಪಾಗೋ ತನಕ ಸುಟ್ಟು ಹಾಕು, ಬಣ್ಣ ಬರುತ್ತೆ. ಒಂದು ಹಿಡಿ ಅಣಬೆ ಹಾಕು, ರುಚಿ ಬರುತ್ತೆ. ಗೊತ್ತಿಲ್ಲದವರು ಮೊದಲ್ನೇ ಕುದಿ ಅಂತಾನೇ ಕುಡೀತಾರೆ." ಹೊರಟವನನ್ನು ಮತ್ತೆ ಕೂಗಿದ: "ಈ ಸಲ ಕೆಳಗೊಂದು ಪಾತ್ರೆ ಇಡು!"

ಪ್ಲಂಬರ್ ಅವನ ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಮನೆಗೆ ಬಂದು ಹೇಳಿದಂತೆಯೇ ಮಾಡಿದ. ಈರುಳ್ಳಿ ಹೊಗೆಗೆ ಅತ್ತ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಲೆ ಕಾದ. ಬಸಿಯುವಾಗ ಜರಡಿಯ ಕೆಳಗೆ ಪಾತ್ರೆ, ಪಾತ್ರೆಯ ಕೆಳಗೆ ಬಕೆಟ್ಟು. ಬಣ್ಣವೇನೋ ಬಂದಿತ್ತು. ರುಚಿ ನೋಡಲು ಧೈರ್ಯ ಬರಲಿಲ್ಲ.

ಮನೆಗೆ ಬಂದ ಅಕ್ಕ ಮಂಚದ ಮೇಲೆ ದಿಂಬಿಗೊರಗಿ ಕೂತು ಬಟ್ಟಲು ತೆಗೆದುಕೊಂಡಳು. ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಗಂಟಲು ಮೆಲ್ಲನೆ ಏರಿ ಇಳಿಯಿತು. ಎರಡನೇ ಚಮಚ. ಮೂರನೆಯದು. ಬಟ್ಟಲು ಅರ್ಧವಾಗುವವರೆಗೆ ಪ್ಲಂಬರ್ ಚಮಚಗಳನ್ನು ಎಣಿಸಿದ. ಆಗ ಅವಳು ಕಣ್ಣು ತೆರೆದು, ಪಿಸುದನಿಯಲ್ಲಿ ಕೇಳಿದಳು:

"ಮೊದಲ್ನೇ ಕುದಿ ಏನ್ಮಾಡ್ದೆ?"

"ಇದೇ ಅಕ್ಕ... ಇದೇ ಮೊದಲ್ನೇದು."

"ನನ್ನ ಹತ್ರ ಸುಳ್ಳಾ?"

"ಸಿಂಕಿಗೆ ಸುರಿದ್ಬಿಟ್ಟೆ ಅಕ್ಕ, ತಪ್ಪಾಯ್ತು. ನಿಂಗೆ ಹೇಗೆ ಗೊತ್ತಾಯ್ತು?"

ಅಕ್ಕನಿಗೆ ನಗು ಬಂತು. ನೋವಿಗೆ ಗಂಟಲ ಮೇಲೆ ಕೈಯಿಟ್ಟುಕೊಂಡು, ಒಂದೊಂದೇ ಮಾತು ಕೂಡಿಸಿ ಹೇಳಿದಳು. "ನೀನು ಸಣ್ಣವನಿದ್ದಾಗ ಮೊದಲ್ನೇದನ್ನ ನಿನ್ನ ಬಟ್ಟಲಿಗೆ ಹಾಕಿ, ಅದೇ ಮೂಳೆಗೆ ಈರುಳ್ಳಿ ಸೇರಿಸಿ ಮತ್ತೆ ಕುದಿಸ್ಕೊಳ್ತಿದ್ದೆ. ನಾನು ಕುಡೀತಿದ್ದದ್ದು ಇದನ್ನೇ ಕಣೋ. ನಂಗೆ ಬೇಕನಿಸಿದ್ದೂ ಇದೇ. ಚೀಟೀಲಿ ಬರೆಯೋಕೆ ನಾಚಿಕೆ ಆಯ್ತು." ಉಳಿದದ್ದನ್ನು ಕುಡಿದು ಬಟ್ಟಲನ್ನು ಮುಂದೆ ಚಾಚಿದಳು. "ಇನ್ನೊಂದು ಸ್ವಲ್ಪ ಹಾಕು."

ಇಂಥ ಅಕ್ಕನನ್ನು ಕೊಟ್ಟದ್ದಕ್ಕೆ, ಇವತ್ತು ಅವಳನ್ನು ಉಳಿಸಿಕೊಟ್ಟದ್ದಕ್ಕೆ ಯಾರಿಗೆ ಕೈ ಮುಗಿಯಬೇಕೋ ತಿಳಿಯದೆ ಅವನು ಅಡುಗೆಮನೆಗೆ ಹೋಗಿ ಬಟ್ಟಲು ತುಂಬಿದ. ಚಿಕ್ಕಂದಿನಲ್ಲಿ ಅವನು ಇನ್ನೊಂದು ಬಟ್ಟಲು ಕೇಳಿದಾಗಲೆಲ್ಲ ಅಕ್ಕ ಇಲ್ಲವೆಂದವಳೇ ಅಲ್ಲ. ಸೌಟಿನಲ್ಲಿ ಒಂದು ಗುಟುಕು ಉಳಿದಿತ್ತು. ನಿಂತಲ್ಲೇ ಕುಡಿದ. ಅಕ್ಕನ ಪಾಲಿನ ಸಾರನ್ನು ಅವನು ಬಾಯಿಗಿಟ್ಟದ್ದು ಅದೇ ಮೊದಲು.

ತುಂಬ ತೆಳ್ಳಗಿತ್ತು.