ಕಿರ್ಗಿಸ್ತಾನಕ್ಕೊಂದು ಬುತ್ತಿ

"ನಮ್ಮ ಕನಕ ಖರೇನ ದವಾಖಾನ್ಯಾಗ ಕೆಲಸ ಮಾಡಾಕತ್ತಾನೇನು?"

ಗಂಗಾದೇವಿ ಕೇಳಿದ್ದು ವಾಸಿಂನನ್ನು. ಸಂತೆಕಲ್ಲೂರಿನ ಆ ಪಡಸಾಲೆಯಲ್ಲಿ ಎಲ್ಲರ ಕಣ್ಣೂ ಅವನ ಮೇಲೆ. ಗಂಗಾದೇವಿ, ಅವಳ ಗಂಡ ಪಂಪಣ್ಣ, ಮಗಳು ಅಂಜಲಿಯನ್ನು ನೋಡಲು ಮುಕ್ಕುಂದದಿಂದ ಬಂದ ಇಬ್ಬರು ಹಿರಿಯರು.

"ಮಾಡಾಕತ್ತಾನ್ರೀ ಯಮ್ಮಾ. ಇಂಟರ್ನ್‌ಶಿಪ್ ನಡದೈತಿ. ದಿನಾ ಮುಂಜಾನಿ ವಾರ್ಡಿಗೆ ಹೋಗ್ತಾನ. ನಾನೂ ಅವನೂ ಒಂದೇ ದವಾಖಾನಿ."

ನಿಜ ಹೇಳಬೇಕೆಂದರೆ ವಾರ್ಡಿಗೆ ಹೋಗುತ್ತಿದ್ದವನು ವಾಸಿಂ ಒಬ್ಬನೇ. ಮಸ್ಕಿಯ ಅವನೂ ಈ ಮನೆಯ ಕನಕರಾಜನೂ ಡಾಕ್ಟರಾಗಲು ಒಂದೇ ವಿಮಾನದಲ್ಲಿ ಕಿರ್ಗಿಸ್ತಾನಕ್ಕೆ ಹೋದವರು. ಪುಸ್ತಕದ ಪಾಠ ಇಂಗ್ಲಿಷಿನಲ್ಲಿ ಇರುವವರೆಗೆ ಕನಕರಾಜ ಹೇಗೋ ದಾಟಿದ. ವಾರ್ಡಿನಲ್ಲಿ ರೋಗಿಗಳು ಮಾತಾಡುವುದು ರಷ್ಯನ್. ಹೊಟ್ಟೆನೋವಿನ ಮುದುಕಿಯೊಬ್ಬಳನ್ನು ಅವನು ತಡವರಿಸುತ್ತ ಏನೋ ಕೇಳಿದ, ಇಡೀ ವಾರ್ಡು ನಕ್ಕಿತು. ಅಂದಿನಿಂದ ಎಲ್ಲರ ಬೆನ್ನಹಿಂದೆ ನಿಲ್ಲತೊಡಗಿದ. ಆಮೇಲೆ ಹೋಗುವುದನ್ನೇ ಬಿಟ್ಟ. ಎರಡು ಸಲ ನಪಾಸಾದ ಮೇಲೆ ಕಾಲೇಜಿನವರು ಹೆಸರು ತೆಗೆದುಹಾಕಿದರು.

ಎಂಟು ತಿಂಗಳ ಹಿಂದೆ ಅವನು ಸದ್ದಿಲ್ಲದೆ ವಾಪಸು ಬಂದ. ಬಂದದ್ದು ಊರಿಗಲ್ಲ, ಸಿಂಧನೂರಿನ ಒಂದು ಅಕ್ಕಿ ಗಿರಣಿಗೆ. ಹಗಲೆಲ್ಲ ಚೀಲ ಹೊರುವುದು, ಅಲ್ಲೇ ಮಲಗುವುದು. ಅವ್ವನಿಗೆ ಫೋನು ಮಾತ್ರ ಈಗಲೂ ಆ ದೇಶದ ನಂಬರಿನ ವಾಟ್ಸಾಪಿನಿಂದಲೇ. ಮುಖ ತೋರಿಸು ಎಂದರೆ ನೆಟ್ ಸರಿಯಿಲ್ಲ ಅನ್ನುತ್ತಿದ್ದ. ಈ ಗುಟ್ಟು ಗೊತ್ತಿದ್ದವನು ವಾಸಿಂ ಒಬ್ಬನೇ, ಯಾರಿಗೂ ಹೇಳದಂತೆ ಕನಕರಾಜ ಅವನಿಂದ ಆಣೆ ಹಾಕಿಸಿಕೊಂಡಿದ್ದ.

ರಜೆಗೆ ಬಂದ ವಾಸಿಂ ನಾಳೆ ಮತ್ತೆ ಹೊರಡುವವನಿದ್ದ. "ಕನಕಗ ಬುತ್ತಿ ಕೊಡೋದೈತಿ, ಬಂದು ಹೋಗು" ಎಂದು ಗಂಗಾದೇವಿ ಹೇಳಿಕಳಿಸಿದ್ದಳು. ಬುತ್ತಿ ತಗೊಂಡು ಎದ್ದುಬಿಡೋಣ ಎಂದುಕೊಂಡು ಬಂದವನು ಹೀಗೆ ಸಿಕ್ಕಿಬಿದ್ದ.

"ಅಲ್ಲಿ ಚಳಿ ಭಾಳಂತಲ್ಲ? ಸ್ವಲ್ಪ ಇವರಿಗೂ ಹೇಳು." ಅವಳು ಬಿಡುವಂತೆ ಕಾಣಲಿಲ್ಲ.

ವಾಸಿಂ ಹೇಳಿದ. ಮೊಣಕಾಲುದ್ದ ಬೀಳುವ ಹಿಮ, ಆಪರೇಶನ್ ಕೋಣೆ, ರಷ್ಯನ್ ಮಾತಾಡಿ ರೋಗಿಗಳನ್ನು ನಗಿಸುವ ಕನಕರಾಜ. ತಾನು ಕಷ್ಟಪಟ್ಟು ಕಲಿತದ್ದನ್ನೆಲ್ಲ ಗೆಳೆಯನ ಹೆಸರಿಗೆ ಹಚ್ಚಿದ. ಪಂಪಣ್ಣ ಮೀಸೆಯ ಮೇಲೆ ಕೈಯಾಡಿಸಿದ.

"ಡಾಕ್ಟರಾಗಿ ಊರಿಗೆ ಯಾವಾಗ ಬರ್ತಾನ?" ಹಿರಿಯರಲ್ಲೊಬ್ಬರು ಕೇಳಿದರು.

"ಬರೋ ವರ್ಷ ಬರ್ತಾನ್ರೀ."

ಮಗನ ಹೆಸರು ಬಂದಾಗಲೆಲ್ಲ ಅರಳುವ ಆ ತಾಯಿಯ ಮುಖ ನೋಡುವ ಧೈರ್ಯ ವಾಸಿಂಗಿರಲಿಲ್ಲ.

ಬಸ್ ನಿಲ್ದಾಣದವರೆಗೂ ಅವಳೇ ಬಂದಳು. ಬಟ್ಟೆಯಲ್ಲಿ ಕಟ್ಟಿದ ಬುತ್ತಿಯನ್ನು ಅವನ ಕೈಗಿಟ್ಟು, ಯಾರೂ ಇಲ್ಲದ ರಸ್ತೆಯನ್ನು ನೋಡುತ್ತ ಹೇಳಿದಳು:

"ಹೋದ ವಾರ ಅಂಜಲಿಗೆ ಸೀರಿ ತರಾಕ ಸಿಂಧನೂರಿಗೆ ಹೋಗಿದ್ದೆ. ಎಲ್ಲಿ ನೋಡಿದ್ರೂ ನಮ್ಮ ಕನಕನ ಮುಖಾನ ಕಂಡಂಗಾತು."

ವಾಸಿಂ ಬುತ್ತಿಯ ಗಂಟನ್ನು ಇನ್ನಷ್ಟು ಬಿಗಿದ. "ನೆನಪು ಬಂದಿರಬೇಕ್ರೀ ಯಮ್ಮಾ."

"ಹೂಂ. ಹೆತ್ತ ಹೊಟ್ಟಿ ಅಲ್ಲೇನು. ಹಾದ್ಯಾಗ ತಡ ಮಾಡಬ್ಯಾಡ, ಅವನ ಕೈಗೇ ಕೊಡು."

ಬಸ್ಸು ಮಸ್ಕಿಗೆ ಬಂದಾಗಲೂ ವಾಸಿಂ ಇಳಿಯಲಿಲ್ಲ. ಸೀದಾ ಸಿಂಧನೂರಿಗೆ ಹೋದ. ತೊಡೆಯ ಮೇಲಿದ್ದ ಬುತ್ತಿ ಬೆಚ್ಚಗಿತ್ತು, ಸಿಟ್ಟಿನ ಭರದಲ್ಲಿ ಅವನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇನ್ನೊಬ್ಬರ ಸುಳ್ಳನ್ನು ಹೊತ್ತು ಹೊತ್ತು ಅವನಿಗೆ ಸಾಕಾಗಿತ್ತು.

ಗಿರಣಿಯ ಹಿಂದೆ ಕನಕರಾಜ ಸಿಕ್ಕ. ಹುಬ್ಬಿನ ಮೇಲೆಲ್ಲ ತೌಡಿನ ಧೂಳು.

"ಇದೇ ಕೊನೀದು ಲೇ. ಇನ್ನ ನನ್ನ ಕೈಲಾಗಂಗಿಲ್ಲ. ದೇವರಂಥ ತಾಯಿಗಿ ಮೋಸ ಮಾಡಾಕತ್ತೀವಿ ನಾವು."

ಕನಕರಾಜ ಅವನ ಕೈಯಿಂದ ಗಂಟು ತಗೊಂಡು ಬಿಚ್ಚಿದ. ಬಿಚ್ಚಿದವನು ಹಾಗೇ ಕುಳಿತುಬಿಟ್ಟ.

ದೂರ ಹೋಗುವವರಿಗೆ ಈ ಕಡೆ ಕಟ್ಟುವುದು ಒಣಗಿಸಿದ ಕಟಿ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ತಿಂಗಳುಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಹಾಸ್ಟೆಲಿನಲ್ಲಿ ಇಬ್ಬರೂ ವರ್ಷಗಟ್ಟಲೆ ತಿಂದದ್ದು ಅದನ್ನೇ. ಈ ಗಂಟಿನಲ್ಲಿ ಇದ್ದದ್ದು ಆಗಷ್ಟೇ ಬಡಿದ ಮೆತ್ತನೆಯ ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಡಬ್ಬಿ ಮೊಸರು. ಆ ಮೊಸರು ಸಂಜೆಯೊಳಗೆ ಹುಳಿಯಾಗುವಂಥದ್ದು.

"ಇದು ವಿಮಾನ ಹತ್ತೋ ಬುತ್ತಿ ಅಲ್ಲಲೇ" ಎಂದ ವಾಸಿಂ, ಮೆಲ್ಲಗೆ.

"ಅವ್ವಗ ಗೊತ್ತೈತಿ." ಕನಕರಾಜ ಬಿಕ್ಕಿ ಬಿಕ್ಕಿ ಅತ್ತ. "ನಾ ಇಲ್ಲೇ ಅದೀನಿ ಅಂತ ಗೊತ್ತಿದ್ದೂ ರೊಟ್ಟಿ ಬಡದು ಕಳಿಸ್ಯಾಳ. ಇವತ್ತೇ ಊರಿಗೆ ಹೋಗ್ತೀನಿ. ಕಾಲಿಗೆ ಬೀಳ್ತೀನಿ."

ವಾಸಿಂನ ಕಣ್ಣೂ ತುಂಬಿದವು. ಇಷ್ಟು ದಿನದ ಭಾರ ಒಮ್ಮೆಲೇ ಇಳಿದಂತಾಗಿ, "ಮೊದಲು ಫೋನ್ ಹಚ್ಚು" ಎಂದ. ಕನಕರಾಜ ಮೊದಲ ಸಲ ಈ ದೇಶದ ನಂಬರಿನಿಂದ ಅವ್ವನಿಗೆ ಹಚ್ಚಿದ. ವಾಸಿಂಗೂ ಕೇಳಲೆಂದು ಸ್ಪೀಕರ್ ಒತ್ತಿದ.

"ಯವ್ವಾ, ನಾನು. ರೊಟ್ಟಿ ಮುಟ್ಯಾವ. ಈಗ ಬಸ್ ಹತ್ತಿ..."

"ಹಾಂ ಡಾಕ್ಟರಪ್ಪಾ!" ಅತ್ತ ಗಂಗಾದೇವಿಯ ದನಿ ಓಣಿಗೆಲ್ಲ ಕೇಳುವಷ್ಟು ಜೋರಾಗಿತ್ತು. "ಡ್ಯೂಟಿ ಮುಗೀತೇನು? ಮುಕ್ಕುಂದದವರು ಹೂಂ ಅಂದಾರಪ್ಪಾ, ಉಂಡು ಇಲ್ಲೇ ಕುಂತಾರ!"

ಒಳಗೆ ನಡೆದುಹೋದ ಸದ್ದು ಕೇಳಿಸಿತು. ಬಾಗಿಲು ಮುಚ್ಚಿದ ಸದ್ದು. ದನಿ ತಗ್ಗಿತು.

"ನೀ ಇನ್ನಾ ಆ ದೇಶದಾಗ ಅದಿ ಅಂತ ವಾಸಿಂನ ಬಾಯಿಲೇ ಅವರಿಗೆ ಹೇಳಿಸೀನಿ, ಅಂಜಲಿ ಮದುವಿ ಆಗೋತನಕ ಈ ಊರ ಕಡಿ ಕಾಲಿಡಬ್ಯಾಡ."