ಹೆದ್ದಾರಿಗೆ ಮುಂಚೆ ಹತ್ತುವ ದೀಪ

"ರೀ, ದೀಪ ಹತ್ತಿತು."

ಅನಸೂಯಮ್ಮನ ಮಾತು ಮುಗಿಯುವ ಮೊದಲೇ ಕೋದಂಡರಾಮಪ್ಪನ ಕಾಲು ಬ್ರೇಕಿನ ಮೇಲಿತ್ತು. ಬೈರಕೂರಿನ ರಸ್ತೆ ಹೆದ್ದಾರಿಗೆ ಸೇರಲು ಇನ್ನು ನೂರು ಮಾರು. ಮತ್ತೆ ಅಲ್ಲೇ. ಕಳೆದ ಶುಕ್ರವಾರವೂ ಅಲ್ಲೇ, ಅದರ ಹಿಂದಿನ ಮಂಗಳವಾರವೂ ಅಲ್ಲೇ.

ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿದವನು. ಬ್ರೇಕಿನ ದೂರಿರುವ ಗಾಡಿಯನ್ನು ಹೆದ್ದಾರಿಗೆ ಹತ್ತಿಸುವುದಿಲ್ಲ ಎಂಬುದು ಅವನ ವ್ರತ. ಕಾರನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ಹೆಂಡತಿಯ ಕೈಹಿಡಿದು ಇಳಿಸಿ, ಬಸ್ಸಿಗೆ ಕಾದ. ಕೋಲಾರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೂರು ಗಂಟೆ ತಡ. ರಕ್ತ ಸೋಸುವ ಯಂತ್ರಕ್ಕೆ ಬೇರೊಬ್ಬರನ್ನು ಜೋಡಿಸಿದ್ದರು. ಅವಳಿಗೆ ಸಿಕ್ಕಿದ್ದು ಅರ್ಧ ಹೊತ್ತು. ಇನ್ನೊಂದು ಸಲ ಹೀಗಾದರೆ ಜೀವಕ್ಕೆ ಭರವಸೆ ಕೊಡಲಾರೆ ಎಂದರು ಡಾಕ್ಟರು.

ಸಂಜೆ ಮುಳಬಾಗಿಲಿನ ಮೆಕ್ಯಾನಿಕ್ ಅಂಜಿನಪ್ಪ ಬಂದು ಕಾರನ್ನು ತನ್ನ ಶೆಡ್ಡಿಗೆ ಒಯ್ದ. ಇದು ನಾಲ್ಕನೆಯ ಸಲ.

ಒಂಬತ್ತು ವರ್ಷ ಹಳೆಯ, ಸೆಕೆಂಡ್ ಹ್ಯಾಂಡ್ ಕಾರು. ಗಾಬರಿಯಲ್ಲಿ ಬ್ರೇಕ್ ತುಳಿದಾಗ ಚಕ್ರ ಬಿಗಿದು ಗಾಡಿ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಅದರಲ್ಲಿತ್ತು. ಅದು ಕೆಟ್ಟರೆ ಸ್ಟೇರಿಂಗಿನ ಹಿಂದೆ ಉಗುರಿನಷ್ಟು ಹಳದಿ ದೀಪವೊಂದು ಹತ್ತಬೇಕು. ಅಂಜಿನಪ್ಪ ನಾಲ್ಕೂ ಚಕ್ರ ಬಿಚ್ಚಿ ಸೆನ್ಸರ್ ಒರೆಸಿದ್ದ. ವೈರುಗಳನ್ನು ಒಂದೊಂದೇ ಎಳೆದು ಅಲುಗಾಡಿಸಿದ್ದ. ತಾನೊಬ್ಬನೇ ಅದೇ ದಾರಿಯಲ್ಲಿ ಹತ್ತು ಸಲ ಓಡಿಸಿದ್ದ. ದೀಪ ಹತ್ತಿರಲಿಲ್ಲ. ಈ ಸಲ ಕೋಲಾರದಿಂದ ಸ್ಕ್ಯಾನರ್ ತರಿಸಿ ಚುಚ್ಚಿ ನೋಡಿದ. ಒಂದು ದೋಷವೂ ದಾಖಲಾಗಿರಲಿಲ್ಲ.

ಬುಧವಾರ ಕೋದಂಡರಾಮಪ್ಪ ಶೆಡ್ಡಿಗೆ ಬಂದು ಕೂತ. ದೀಪ ಹತ್ತಿದರೂ ಮಾಮೂಲಿ ಬ್ರೇಕ್ ಹಿಡಿದೇ ಹಿಡಿಯುತ್ತದೆ, ನಿಧಾನವಾಗಿ ಹೋಗಬಹುದು ಎಂದು ಅಂಜಿನಪ್ಪ ತಿಳಿಸಿ ಹೇಳಿದ. ಅವನು ಕೇಳಲಿಲ್ಲ.

"ಹಂಗಾರೆ ಒಬ್ಬ ಡ್ರೈವರ್‌ನ ಇಟ್ಕೊಳ್ಳಣ್ಣ. ನಿಂಗೂ ಅರವತ್ತೆಂಟಾಯ್ತು."

"ನಂಗೇನ್ಲಾ ಆಗೈತೆ? ಮೂವತ್ತು ವರ್ಷ, ಒಂದು ಕೋಳಿಗೂ ತಾಗಿಸಿದೋನಲ್ಲ ನಾನು. ಮೊದ್ಲು ಆ ದೀಪ ಸರಿ ಮಾಡು."

ಅಂಜಿನಪ್ಪ ಮಾತು ಬಿಟ್ಟು ಸ್ಪ್ಯಾನರ್ ಹಿಡಿದ. ಹಿಂದೊಮ್ಮೆ ಅನಸೂಯಮ್ಮ ಅದೇ ಮಾತೆತ್ತಿದ್ದಕ್ಕೆ ಮುದುಕ ಎರಡು ದಿನ ಊಟ ಬಿಟ್ಟಿದ್ದ ಸುದ್ದಿ ಅವನಿಗೂ ಮುಟ್ಟಿತ್ತು. ಗುರುವಾರ ಸಂಜೆ ಡ್ಯಾಶ್‌ಬೋರ್ಡನ್ನೇ ಬಿಚ್ಚಿ, ಬಹಳ ಹೊತ್ತು ಕೂತು, ಮತ್ತೆ ಜೋಡಿಸಿದ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕಾರನ್ನು ಬೈರಕೂರಿಗೆ ತಂದ. ಅಂಗಳದಲ್ಲಿ ಎದುರಿಗೇ ನಿಂತರೂ ಕೋದಂಡರಾಮಪ್ಪ, ಯಾರದು ಎಂದು ಕೇಳಿದ. ಗೇಟಿನ ಕಂಬದಲ್ಲಿ ಕಾರಿನ ಬಣ್ಣ ಮೆತ್ತಿತ್ತು. ಗೇಟನ್ನು ಚಿಕ್ಕದು ಮಾಡಿಸಿದ್ದು ತಪ್ಪಾಯಿತು ಎಂದ ಯಜಮಾನ.

ಅನಸೂಯಮ್ಮನ ಮುಖ ಊದಿತ್ತು. ಪಾದಗಳು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು ಬಂದು ಗಂಡನ ಪಕ್ಕದ ಸೀಟಿನಲ್ಲಿ ಕೂತಳು.

"ಕೀ ತಿರುಗ್ಸಣ್ಣ," ಎಂದ ಅಂಜಿನಪ್ಪ, "ದೀಪ ಒಂದ್ಸಲ ಹತ್ತಿ ತಾನೇ ಆರ್ಬೇಕು. ಆಗ ಎಲ್ಲಾ ಸರಿ ಐತೆ ಅಂತ ಲೆಕ್ಕ."

"ಹತ್ತಿ ಆರ್ತು ಕಣೋ."

ಅಂಜಿನಪ್ಪ ಹಿಂದಿನ ಸೀಟಿಗೆ ಹತ್ತಿದ.

ದಾರಿಯುದ್ದಕ್ಕೂ ಅವಳ ಮಾತು ನಿಲ್ಲಲಿಲ್ಲ. ಎಡಕ್ಕೆ ಎಮ್ಮೆ. ಮುಂದೆ ರಸ್ತೆ ಮೇಲೆ ರಾಗಿ ತೆನೆ ಹರಡವ್ರೆ. ಅಗೋ ಸೈಕಲ್ಲು. ಉಸಿರು ಸಾಲದಿದ್ದರೂ ಹೇಳುತ್ತಲೇ ಇದ್ದಳು. ಲಾರಿ ಓಡಿಸಿದವನಿಗೇ ಪಾಠ ಹೇಳ್ತಾಳೆ ನೋಡೋ ಎಂದು ಅವನು ನಕ್ಕ. ಆದರೆ ಎಮ್ಮೆ ಎಂದಾಗ ನಿಧಾನಿಸಿದ, ರಾಗಿ ಎಂದಾಗ ಬಲಕ್ಕೆ ಸರಿದ.

ಹುಣಸೆಮರ ಕಂಡಿತು. ಅದರಾಚೆ ಹೆದ್ದಾರಿಯಲ್ಲಿ ಲಾರಿಗಳು ಒಂದರ ಬೆನ್ನಿಗೊಂದು ಧಾವಿಸುತ್ತಿದ್ದವು. ಅನಸೂಯಮ್ಮ ಮುಳಬಾಗಿಲಿನ ಆಂಜನೇಯನ ದಿಕ್ಕಿಗೆ ಕೈಮುಗಿದಳು. ಆಸ್ಪತ್ರೆಯಲ್ಲಿ ಅವಳ ಸರದಿಗೆ ಇನ್ನೊಂದೇ ಗಂಟೆಯಿತ್ತು. ಮುಗಿದ ಕೈ ಇಳಿಸುತ್ತ ಹೇಳಿದಳು.

"ರೀ, ದೀಪ ಹತ್ತಿತು."

ಕಾರು ನಿಂತಿತು. ಕೋದಂಡರಾಮಪ್ಪ ಸ್ಟೇರಿಂಗಿಗೆ ಹಣೆ ಒತ್ತಿಕೊಂಡ.

"ನೋಡೋ, ಕೆಂಪಗೆ ಹೆಂಗ್ ಉರೀತೈತೆ. ಇವ್ಳನ್ನ ತಿಂದ್ಕೊಂಡೇ ಹೋಗುತ್ತೆ ಈ ದೀಪ."

ಅಂಜಿನಪ್ಪ ಮುಂದಕ್ಕೆ ಬಗ್ಗಿ ನೋಡಿದ. ಅನಸೂಯಮ್ಮ ಕತ್ತೆತ್ತಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

"ಹೌದಣ್ಣ, ಹತ್ತೈತೆ," ಎಂದ ಅಂಜಿನಪ್ಪ. "ಇದು ನನ್ ಕೈಲಿ ರಿಪೇರಿ ಆಗೋದಲ್ಲ, ಪಾರ್ಟ್ ಬರ್ಬೇಕು. ಅದು ಬರೋ ತನಕ ಮಂಗಳವಾರ ಶುಕ್ರವಾರ ನಾನೇ ಓಡಿಸ್ತೀನಿ. ಕೆಟ್ಟ ಗಾಡಿ ಮೆಕ್ಯಾನಿಕ್ ಕೈಲಿದ್ರೆ ನಿನ್ ವ್ರತಾನೂ ಕೆಡಲ್ಲ."

ಪಾರ್ಟ್ ಯಾವಾಗ ಬರುತ್ತದೆ ಎಂದು ಮುದುಕ ಕೇಳಿದ. ಹಳೇ ಗಾಡಿ, ಹೇಳಲಾಗದು ಎಂದ ಅಂಜಿನಪ್ಪ. ಕೋದಂಡರಾಮಪ್ಪ ಇಳಿದು, ಕಾರಿನ ಮೈ ಸವರಿಕೊಂಡು ಹಿಂದಿನ ಬಾಗಿಲು ಹುಡುಕಿ ಹತ್ತಿದ.

ಅನಸೂಯಮ್ಮ ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಮುಂದಿನ ದಾರಿಯಲ್ಲಿ ಅವಳು ಒಂದು ಮಾತೂ ಆಡಲಿಲ್ಲ.

ಅಂಜಿನಪ್ಪ ಕಾರನ್ನು ಹೆದ್ದಾರಿಗೆ ಹತ್ತಿಸಿದ; ಆ ದೀಪದ ಬಲ್ಬನ್ನು ಅವನು ಹಿಂದಿನ ಸಂಜೆಯೇ ಕಿತ್ತು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ.