ಹಳೇ ರೇಡಿಯೋದ ಸಂಸ್ಕಾರ

ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗಳನ್ನು ಕಲೆಹಾಕಿ ರಿಪೇರಿ ಮಾಡುವವರ ಸಂಘಕ್ಕೆ ಪರಶಿವಯ್ಯನವರೇ ಅಧ್ಯಕ್ಷರು. ರೇಡಿಯೋದೊಳಗೆ ಬ್ಲೂಟೂತ್ ಸ್ಪೀಕರ್ ತುರುಕಿದ್ದ ಸದಸ್ಯನೊಬ್ಬನನ್ನು, ಇದು ಹೆಣಕ್ಕೆ ಬಣ್ಣ ಬಳಿಯುವ ಕೆಲಸವೆಂದು ಉಗಿದು, ಸಂಘದಿಂದಲೇ ಹೊರಗಟ್ಟಿದ ಮಹಾನುಭಾವರು. ಆದರೆ ಅವರದೇ ರೇಡಿಯೋ ಮಾತ್ರ, ಎಷ್ಟು ಬೆಸುಗೆ ಹಾಕಿದರೂ, ಗೊರಗೊರ ಅನ್ನುವುದಕ್ಕೂ ಒಪ್ಪಿರಲಿಲ್ಲ. ಆ ಕೊರಗಿನಲ್ಲಿ ಅಧ್ಯಕ್ಷರಿಗೆ ಊಟವೂ ಸೇರದೆ ಹೋಗಿತ್ತು.

ಕಳೆದ ವಾರ ಅವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ತಾನಾಗಿಯೇ ಹಾಡತೊಡಗಿತ್ತು. ಕೊನೆಗೂ ತಮ್ಮ ಬೆಸುಗೆ ಫಲಿಸಿತೆಂದು ಅವರು ಇಡೀ ಸಂಘವನ್ನೇ ಮನೆಗೆ ಕರೆದರು.

“ಯಾವ ಸ್ಟೇಷನ್ ಸಾರ್ ಇದು? ಒಂದೂ ಜಾಹೀರಾತು ಬರ್ತಿಲ್ವಲ್ಲ!” ಎಂದ ಒಬ್ಬ ಸದಸ್ಯ.

“ಹಳೇ ರೇಡಿಯೋ ಕಣಯ್ಯ. ಅದಕ್ಕೊಂದು ಸಂಸ್ಕಾರ ಇರುತ್ತೆ.”

“ಸ್ವಲ್ಪ ಗುಂಡಿ ತಿರುಗಿಸಿ ನೋಡ್ಲಾ ಸಾರ್?”

“ಮುಟ್ಟಬೇಡ! ಅದು ನನ್ನ ಕೈಗೆ ಮಾತ್ರ ಒಗ್ಗಿರೋದು.”

ಎಲ್ಲಿ ನಿಂತುಬಿಡುತ್ತದೋ ಎಂದು ಅವರೂ ಮುಟ್ಟಿರಲಿಲ್ಲ, ಅದು ಬೇರೆ ಮಾತು.

“ಈ ನಾದ ಕೇಳ್ರಯ್ಯ. ಅಸಲಿ ಯಾವುದು, ನಕಲಿ ಯಾವುದು ಅಂತ ನನ್ನ ಕಿವಿಗೆ ತಕ್ಷಣ ಗೊತ್ತಾಗುತ್ತೆ” ಎಂದು ಪರಶಿವಯ್ಯನವರು ಕಣ್ಣು ಮುಚ್ಚಿದರು. ಸಂಘವೂ ಭಕ್ತಿಯಿಂದ ಕಣ್ಣು ಮುಚ್ಚಿತು.

ಅಡುಗೆಮನೆಯಲ್ಲಿ ಹೆಂಡತಿಯ ಫೋನು ರಿಂಗಾಯಿತು. ಆಕೆ ಹಿಟ್ಟಿನ ಕೈಯಲ್ಲೇ ಅದನ್ನು ಒತ್ತಿದರು. ರೇಡಿಯೋ ಹಾಡು ನಿಲ್ಲಿಸಿ, ಪರಶಿವಯ್ಯನವರ ನಾದಿನಿಯ ದನಿಯಲ್ಲಿ ಕೇಳಿತು:

“ಅಕ್ಕಾ, ಭಾವ ಈಗಾದ್ರೂ ನೆಟ್ಟಗೆ ಊಟ ಮಾಡ್ತಿದಾರಾ?”